ಯಾವ ಇಬ್ರಾಹಿಂ?



ಇದು ಪಂಡಿತರು ಬರೆದ ಲೇಖನವಲ್ಲ. ಬಿ.ಕಾಂ. ಓದುವ ಹುಡುಗನೊಬ್ಬ ತಾನು ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಹೋಗಿ ಕಲಿತ ಪಾಠ. ತಪ್ಪು ಏನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಸಂಘದ ಹಿಂದಿನ ಸಭೆಯಲ್ಲಿ ನಾನು ವಿಜಯಪುರದ ಆದಿಲ್‌ಶಾಹಿ ಅರಸರ ಮೇಲೆ ಒಂದು ಪ್ರಬಂಧ ಓದಿದೆ. ಊರು ಬಿಟ್ಟು ಪುಣೆಗೆ ಬಂದ ಮೇಲೆ ಊರಿನ ಗುಮ್ಮಟ, ಕೋಟೆ, ಬಾವಡಿ ಎಲ್ಲವೂ ಮೊದಲಿಗಿಂತ ಚೆಂದ ಕಾಣುತ್ತವೆ ನೋಡಿ, ಆ ಉಮೇದಿನಲ್ಲಿ ಬರೆದದ್ದು. ಅದರಲ್ಲಿ ಒಂದು ಕಡೆ, 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ವಿಜಯನಗರದ ವಿರುದ್ಧ ನಿಂತ ಸುಲ್ತಾನರಲ್ಲಿ ಇಬ್ರಾಹಿಂನೂ ಒಬ್ಬನೆಂದೂ, ಅದೇ ಇಬ್ರಾಹಿಂ ಮುಂದೆ ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದನೆಂದೂ ಓದಿದೆ. ಕೂಡಲೆ ಹಿಂದಿನ ಬೆಂಚಿನಿಂದ ಒಬ್ಬ, “ಹಂಪಿ ಹಾಳು ಮಾಡಿದವನ ಬಾಯಾಗ ಸರಸ್ವತಿ! ಚಲೋ ಆತು ಬಿಡು” ಅಂದ. ಎಲ್ಲರೂ ನಕ್ಕರು. ಓದುತ್ತಿದ್ದ ನಾನೂ ನಕ್ಕೆ.

ಆಗ ಎಂ.ಎ. ಇತಿಹಾಸ ಓದುತ್ತಿರುವ ನಮ್ಮ ಸಂಘದ ಅಕ್ಕ ಒಬ್ಬರು ಎದ್ದು, “ತಮ್ಮಾ, ಯಾವ ಇಬ್ರಾಹಿಂ?” ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯುದ್ಧಕ್ಕ ಹೋದವ ಗೋಲ್ಕೊಂಡದ ಇಬ್ರಾಹಿಂ. ಹಾಡು ಬರದವ ವಿಜಯಪುರದ ಇಬ್ರಾಹಿಂ. ಈತ 1565ರಾಗ ಇನ್ನೂ ಹುಟ್ಟಿರಲೇ ಇಲ್ಲ” ಎಂದರು. ನಾನು ಕಾಗದ ಮಡಚಿ ನಿಂತೆ. ಹಿಂದಿನ ಬೆಂಚಿನವ ಸೋಲಲಿಲ್ಲ. “ಯಾವನಾದರೇನ್ರಿ ಅಕ್ಕಾರ, ಹೆಸರು ಒಂದ ಅಲ್ಲೇನು? ಎಲ್ಲಾ ಒಂದ” ಅಂದ. ಮತ್ತೆ ನಗು. ಆದರೆ ಈ ಸಲ ನನ್ನ ಪಕ್ಕದಲ್ಲಿ ಕೂತಿದ್ದ ಮೊದಲ ವರ್ಷದ ಹುಡುಗ ನಗಲಿಲ್ಲ. ಚಹಾ ಕಪ್ಪುಗಳನ್ನು ಜೋಡಿಸುವ ನೆಪ ಮಾಡಿ ಎದ್ದುಹೋದ. ಅವನ ಅಜ್ಜನ ಹೆಸರು ಇಬ್ರಾಹಿಂ ಎಂಬುದು ನನಗೆ ಗೊತ್ತಿತ್ತು.

ನಾವು ಕಾಮರ್ಸಿನವರು ಲೆಕ್ಕದ ತಪ್ಪುಗಳ ಬಗ್ಗೆ ಒಂದು ಪಾಠ ಓದುತ್ತೇವೆ. ಒಬ್ಬ ಗಿರಾಕಿಯ ಬಾಕಿಯನ್ನು ಅದೇ ಹೆಸರಿನ ಇನ್ನೊಬ್ಬ ಗಿರಾಕಿಯ ಖಾತೆಗೆ ಬರೆದರೆ ಟ್ರಯಲ್ ಬ್ಯಾಲೆನ್ಸ್ ಏನೂ ಗದ್ದಲ ಮಾಡುವುದಿಲ್ಲ. ಎರಡೂ ಬದಿಯ ಮೊತ್ತ ಪೈಸೆಗೆ ಪೈಸೆ ಸರಿಯಾಗಿ ಕೂಡುತ್ತದೆ. ಆದರೆ ಒಬ್ಬನ ಸಾಲ ಇನ್ನೊಬ್ಬನ ತಲೆಯ ಮೇಲೆ ಕೂತಿರುತ್ತದೆ. ತಗಾದೆ ಹೋದಾಗಲೇ ಗೊತ್ತಾಗುವುದು. ನಾನು ಸಭೆಯಲ್ಲಿ ಮಾಡಿದ್ದು ಇದೇ ತಪ್ಪು. ಆದ್ದರಿಂದ ಇಬ್ರಾಹಿಂ ಎಂಬ ಹೆಸರಿನ ಖಾತೆಗಳನ್ನು ಒಂದೊಂದಾಗಿ ಬಿಡಿಸಿ ಬರೆಯಲು ಕೂತೆ. ಗ್ರಂಥಾಲಯದಲ್ಲಿ ಮೂರು ವಾರ ಹೋಯಿತು. ಸಿಕ್ಕಿದ್ದನ್ನು ಕೆಳಗೆ ಕೊಟ್ಟಿದ್ದೇನೆ.

ಹೆಸರಿನ ಕಟ್ಟು

ಮೊದಲು ಅರಬ್ಬಿ ಹೆಸರು ಹೇಗೆ ಕಟ್ಟಿರುತ್ತದೆ ಎಂಬುದನ್ನು ತಿಳಿಯಬೇಕು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಇದ್ದಂತೆ ಅಲ್ಲಿ ಹಳೆಯ ಕಾಲದಲ್ಲಿ ಐದು ಭಾಗಗಳಿದ್ದವು. ಒಂದು, ಹುಟ್ಟಿದಾಗ ಇಟ್ಟ ಹೆಸರು. ಅದಕ್ಕೆ ‘ಇಸ್ಮ್’ ಎನ್ನುತ್ತಾರೆ. ಎರಡು, ತಂದೆಯ ಹೆಸರು. ‘ಇಬ್ನ್’ ಎಂದರೆ ಮಗ. ಮೂರು, ಮಗನ ಹೆಸರಿನಿಂದ ಬರುವ ಗೌರವದ ಹೆಸರು. ‘ಅಬು’ ಎಂದರೆ ತಂದೆ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳದೆ “ಬಸುವನ ಅಪ್ಪ” ಎನ್ನುವುದಿಲ್ಲವೆ, ಹಾಗೆ. ನಾಲ್ಕು, ಊರು, ಕುಲ ಅಥವಾ ಕಸಬು ತಿಳಿಸುವ ಹೆಸರು. ಮೌಸಿಲ್ ಊರಿನವ ಮೌಸಿಲೀ. ಐದು, ಬಿರುದು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಇಬ್ರಾಹಿಂ ಎಂಬ ಹೆಸರಿನ ಬಹಳ ಜನರಿಗೆ ‘ಅಬು ಇಸ್ಹಾಕ್’, ಅಂದರೆ ಇಸ್ಹಾಕನ ತಂದೆ, ಎಂಬ ಹೆಸರೂ ಇರುತ್ತದೆ. ಪುರಾತನ ಇಬ್ರಾಹಿಂನ ಮಗ ಇಸ್ಹಾಕ್ ಆದ್ದರಿಂದ ಈ ಜೋಡಿ ರೂಢಿಯಾಯಿತು. ಇಂಥದ್ದು ಬಂದಾಗ ಗೊಂದಲ ಇನ್ನೂ ಹೆಚ್ಚು. ಇಬ್ರಾಹಿಂ ಎಂದರೂ ಹತ್ತು ಜನ, ಅಬು ಇಸ್ಹಾಕ್ ಎಂದರೂ ಅದೇ ಹತ್ತು ಜನ. ತಂದೆ, ಊರು, ಕಸಬು, ಇಸವಿ ನೋಡದೆ ಬೇರೆ ದಾರಿಯೇ ಇಲ್ಲ.

ಹೆಸರು ಎಲ್ಲಿಂದ ಬಂತು

ಇಬ್ರಾಹಿಂ ಎಂಬುದು ಅಬ್ರಹಾಂ ಎಂಬ ಹೆಸರಿನ ಅರಬ್ಬಿ ರೂಪ. ಯಹೂದಿಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ತಮ್ಮ ಮೂಲಪುರುಷನೆಂದು ಕೊಂಡಾಡುವ ವ್ಯಕ್ತಿ ಈತ. ಹೀಗೆ ನೋಡಿದರೆ ಅಮೆರಿಕದ ಅಬ್ರಹಾಂ ಲಿಂಕನ್ನನೂ ಇದೇ ಹೆಸರಿನವನೇ. ಕುರಾನಿನ 14ನೆಯ ಅಧ್ಯಾಯದ ಹೆಸರೇ ಇಬ್ರಾಹಿಂ. ದೇವರ ಗೆಳೆಯ ಎಂಬ ಅರ್ಥದ ‘ಖಲೀಲುಲ್ಲಾ’ ಆತನ ಬಿರುದು. ಆತ ಮಗನನ್ನು ಬಲಿಕೊಡಲು ಸಿದ್ಧನಾದ ಪ್ರಸಂಗವನ್ನು ನೆನೆದು ಬಕ್ರೀದ್ ಆಚರಿಸುತ್ತಾರೆ. ಇಂಥವನ ಹೆಸರನ್ನು ಜನ ಮಕ್ಕಳಿಗೆ ಇಡುವುದರಲ್ಲಿ ಆಶ್ಚರ್ಯವಿಲ್ಲ.

ಮುಹಮ್ಮದ್ ಪೈಗಂಬರರೂ ತಮ್ಮ ಮಗನಿಗೆ ಇದೇ ಹೆಸರಿಟ್ಟರು. ತಾಯಿ ಈಜಿಪ್ಟಿನಿಂದ ಬಂದ ಮಾರಿಯಾ. ಕೂಸು ಹೆಚ್ಚು ದಿನ ಬದುಕಲಿಲ್ಲ. ಎರಡು ವರ್ಷ ತುಂಬುವ ಮೊದಲೇ ಮದೀನಾದಲ್ಲಿ ತೀರಿಕೊಂಡಿತು. ಆ ದಿನ ಸೂರ್ಯಗ್ರಹಣ. ಪೈಗಂಬರರ ಮಗ ಸತ್ತದ್ದಕ್ಕೆ ಸೂರ್ಯ ಕಪ್ಪಾದ ಎಂದು ಜನ ಮಾತಾಡಿಕೊಂಡರು. ಸೂರ್ಯಚಂದ್ರರು ಯಾರ ಹುಟ್ಟು ಸಾವಿಗೂ ಗ್ರಹಣ ಹಿಡಿಯುವುದಿಲ್ಲ ಎಂದು ಪೈಗಂಬರರು ಜನರನ್ನು ತಿದ್ದಿದರೆಂದು ಹದೀಸ್ ಸಂಗ್ರಹಗಳಲ್ಲಿ ಇದೆ. 632ರ ಜನವರಿ 27ರಂದು ಅಲ್ಲಿ ಗ್ರಹಣ ಕಂಡಿತ್ತು ಎಂಬುದನ್ನು ಖಗೋಳ ಗಣಿತವೂ ತೋರಿಸುತ್ತದೆ. ಸ್ವಂತ ಮಗ ಸತ್ತ ದಿನ, ತಮಗೆ ದೊಡ್ಡಸ್ತಿಕೆ ತರುವ ಮಾತನ್ನೇ ಸುಳ್ಳು ಎಂದು ಹೇಳುವುದು ಸಣ್ಣ ಸಂಗತಿಯಲ್ಲ ಎಂದು ನನಗನಿಸಿತು.

ನಾವೆಲ್ಲ ಓದಿದ ಇಬ್ರಾಹಿಂ

ಈಗ ಒಂದು ಪ್ರಶ್ನೆ. ಇಂಗ್ಲಿಷ್ ಪಠ್ಯದಲ್ಲಿ ‘ಅಬೂ ಬೆನ್ ಆಧೆಂ’ ಎಂಬ ಪದ್ಯವನ್ನು ಎಷ್ಟು ಜನ ಓದಿದ್ದೀರಿ? ಕನ್ನಡ ಮಾಧ್ಯಮದ ನಾವು ಕಂಠಪಾಠ ಮಾಡಿ ಬೈಗುಳ ತಪ್ಪಿಸಿಕೊಂಡ ಪದ್ಯ ಅದು. ಬರೆದವನು 19ನೆಯ ಶತಮಾನದ ಲೀ ಹಂಟ್. ಆ ಪದ್ಯದ ನಾಯಕ ನಿಜವಾಗಿ ಇಬ್ರಾಹಿಂ! ಪೂರ್ತಿ ಹೆಸರು ಇಬ್ರಾಹಿಂ ಇಬ್ನ್ ಅದ್‌ಹಂ. ಊರು ಇಂದಿನ ಅಫಘಾನಿಸ್ತಾನದ ಬಲ್ಖ್, ಕಾಲ 8ನೆಯ ಶತಮಾನ. ಕವಿಯ ಕೈಯಲ್ಲಿ ಇಸ್ಮ್ ಬಿದ್ದುಹೋಗಿ ‘ತಂದೆ’ ಮತ್ತು ‘ಮಗ’ ಎಂಬ ಎರಡು ಶಬ್ದಗಳು ಒಂದರ ಪಕ್ಕ ಒಂದು ಉಳಿದುಕೊಂಡವು. ಹೆಸರಿನ ಕಟ್ಟು ಗೊತ್ತಿಲ್ಲದಿದ್ದರೆ ಎಂಥ ಪ್ರಸಿದ್ಧ ಮನುಷ್ಯನೂ ಕೈತಪ್ಪಿಹೋಗುತ್ತಾನೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಈತ ರಾಜಮನೆತನದವನಾಗಿದ್ದು ಎಲ್ಲ ಬಿಟ್ಟು ಫಕೀರನಾದ ಎಂದು ಸೂಫಿಗಳ ಕಥೆಗಳು ಹೇಳುತ್ತವೆ. ಬಲ್ಖ್ ಒಂದು ಕಾಲಕ್ಕೆ ಬೌದ್ಧರ ದೊಡ್ಡ ಕೇಂದ್ರ. ಆದ್ದರಿಂದ ಗೌತಮ ಬುದ್ಧನ ಕಥೆಯ ನೆರಳು ಇಲ್ಲಿ ಬಿದ್ದಿದೆ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಕಥೆ. ಸಿರಿಯಾ ಕಡೆ ಹೋಗಿ ತೋಟ ಕಾಯುವ ಕೂಲಿ ಮಾಡುತ್ತಿದ್ದ. ಒಂದು ದಿನ ಧಣಿ ಬಂದು ಸಿಹಿ ದಾಳಿಂಬೆ ಕಿತ್ತು ತಾ ಅಂದ. ಈತ ತಂದದ್ದು ಹುಳಿ. ಇಷ್ಟು ದಿನ ಇಲ್ಲಿದ್ದರೂ ಸಿಹಿ ಯಾವುದು, ಹುಳಿ ಯಾವುದು ತಿಳಿಯದೆ ಎಂದು ಧಣಿ ಸಿಟ್ಟಾದ. ನನ್ನನ್ನು ಇಟ್ಟದ್ದು ಕಾಯುವುದಕ್ಕೆ, ತಿನ್ನುವುದಕ್ಕಲ್ಲವಲ್ಲ ಎಂದನಂತೆ ಇಬ್ರಾಹಿಂ. ಲೆಕ್ಕಪತ್ರ ಓದುವ ನಾವು ಈ ಕಥೆಯನ್ನು ಗೋಡೆಗೆ ಬರೆದು ಹಚ್ಚಬೇಕು.

ಬಾಗ್ದಾದಿನ ಇಬ್ಬರು ಹಾಡುಗಾರರು

ಬಾಗ್ದಾದಿನಲ್ಲಿ ಖಲೀಫ ಹಾರೂನ್ ಅಲ್ ರಶೀದನ ಕಾಲ. ಅವನ ಆಸ್ಥಾನದ ದೊಡ್ಡ ಗಾಯಕ ಇಬ್ರಾಹಿಂ ಅಲ್ ಮೌಸಿಲೀ (742-804). ಕೂಫಾದಲ್ಲಿ ಹುಟ್ಟಿದ ಪರ್ಷಿಯನ್ ಮೂಲದವ. ಸಂಗೀತ ಕಲಿಯಲು ಮೌಸಿಲ್ ಊರಿಗೆ ಹೋಗಿ ಬಂದದ್ದರಿಂದ ಆ ಊರಿನ ಹೆಸರು ಅಂಟಿಕೊಂಡಿತು. ಅಂದರೆ ಊರ ಹೆಸರು ನೋಡಿ ಹುಟ್ಟೂರು ಎಂದು ತಿಳಿಯುವುದೂ ಯಾವಾಗಲೂ ಸರಿಯಲ್ಲ! ಈತನಿಗೆ ನಿಜವಾಗಿಯೂ ಇಸ್ಹಾಕ್ ಎಂಬ ಮಗನಿದ್ದ. ತಂದೆಯನ್ನು ಮೀರಿಸಿದ ಗಾಯಕ.

ಅದೇ ಊರಲ್ಲಿ ಇನ್ನೊಬ್ಬ ಗಾಯಕ ಇಬ್ರಾಹಿಂ ಇಬ್ನ್ ಅಲ್ ಮಹದಿ (779-839). ಈತ ಹಾರೂನನ ಮಲತಮ್ಮ, ರಾಜಕುಮಾರ. 817ರಲ್ಲಿ, ಖಲೀಫ ಮಾಮೂನ್ ದೂರದ ಖುರಾಸಾನಿನಲ್ಲಿದ್ದಾಗ, ಬಾಗ್ದಾದಿನವರು ಅವನ ಮೇಲಿನ ಸಿಟ್ಟಿನಿಂದ ಈ ಹಾಡುಗಾರನನ್ನೇ ಖಲೀಫನೆಂದು ಕೂರಿಸಿದರು. ಮಾಮೂನ್ ತಿರುಗಿ ಬರುವಷ್ಟರಲ್ಲಿ 819ಕ್ಕೆ ಎಲ್ಲ ಮುಗಿಯಿತು. ಕೆಲವು ವರ್ಷ ಅಡಗಿ ಬದುಕಿದ. ಕೊನೆಗೆ ಹೆಂಗಸಿನ ವೇಷದಲ್ಲಿದ್ದಾಗ ಸಿಕ್ಕಿಬಿದ್ದ. ಮಾಮೂನ್ ಕ್ಷಮಿಸಿ ಬಿಟ್ಟ. ಮುಂದೆ ಮೊದಲ ಇಬ್ರಾಹಿಂನ ಮಗ ಇಸ್ಹಾಕನಿಗೂ ಈ ಎರಡನೆಯ ಇಬ್ರಾಹಿಂನಿಗೂ ಹಾಡುವ ಪದ್ಧತಿಯ ಬಗ್ಗೆ ದೊಡ್ಡ ಜಗಳ. ಇಸ್ಹಾಕ್ ಹಳೆಯ ಸಂಪ್ರದಾಯ ಬಿಡಬಾರದೆಂಬವ, ಇಬ್ರಾಹಿಂ ತನಗೆ ಬೇಕಾದಂತೆ ಹಾಡುವವ. ಒಂದೇ ಹೆಸರು, ಒಂದೇ ಊರು, ಒಂದೇ ಕಸಬು; ಆದರೂ ಒಬ್ಬ ದುಡಿದು ಮೇಲೆ ಬಂದವ, ಇನ್ನೊಬ್ಬ ಎರಡು ವರ್ಷ ಸಿಂಹಾಸನದಲ್ಲಿ ಕೂತು ಇಳಿದವ. ಇಲ್ಲಿ ತಂದೆಯ ಹೆಸರು ಬಿಟ್ಟರೆ ಲೆಕ್ಕ ಕೆಟ್ಟಿತು.

ಗಣಿತ, ನಕ್ಷತ್ರ, ಅಚ್ಚಿನ ಮೊಳೆ

ಮುಂದಿನ ಶತಮಾನದಲ್ಲಿ ಅದೇ ಬಾಗ್ದಾದಿನಲ್ಲಿ ಇಬ್ರಾಹಿಂ ಇಬ್ನ್ ಸಿನಾನ್ (908-946) ಎಂಬ ಗಣಿತಜ್ಞನಿದ್ದ. ಪ್ಯಾರಾಬೋಲಾ ರೇಖೆಯ ಒಳಗಿನ ಕ್ಷೇತ್ರಫಲ ಕಂಡುಹಿಡಿಯಲು ಅವನ ಅಜ್ಜ ಸಾಬಿತ್ ಇಬ್ನ್ ಕುರ್ರಾ ಉದ್ದವಾದ ವಿಧಾನ ಕೊಟ್ಟಿದ್ದ. ಮೊಮ್ಮಗ ಅದನ್ನು ಚಿಕ್ಕದು ಮಾಡಿದ. ನಲವತ್ತು ತುಂಬುವ ಮೊದಲೇ ತೀರಿಕೊಂಡ.

ಸ್ಪೇನ್ ದೇಶದ ತೊಲೆದೊ ಊರಲ್ಲಿ 11ನೆಯ ಶತಮಾನದಲ್ಲಿ ಇಬ್ರಾಹಿಂ ಅಲ್ ಜರ್ಕಾಲಿ ಎಂಬವನಿದ್ದ. ಮೊದಲು ಲೋಹದ ಮೇಲೆ ಕೆತ್ತುವ ಕುಸುರಿ ಕೆಲಸದವ, ಆಮೇಲೆ ನಕ್ಷತ್ರ ವೀಕ್ಷಕ. ಯಾವ ಊರಿನ ಅಕ್ಷಾಂಶದಲ್ಲಿ ನಿಂತರೂ ಬಳಸಬಹುದಾದ ಒಂದು ಆಸ್ಟ್ರೊಲೇಬ್ ಯಂತ್ರ ರಚಿಸಿದ. ಯುರೋಪಿನವರು ಅವನ ಹೆಸರನ್ನು ‘ಅರ್ಜಾಖೆಲ್’ ಮಾಡಿಕೊಂಡರು. ಕೋಪರ್ನಿಕಸ್ ತನ್ನ ಗ್ರಂಥದಲ್ಲಿ ಅವನನ್ನು ಹೆಸರಿಸಿದ್ದಾನೆ. ಚಂದ್ರನ ಮೇಲಿನ ಒಂದು ಕುಳಿಗೆ ಅರ್ಜಾಖೆಲ್ ಎಂದೇ ಹೆಸರು. ಅಲ್ಲಿಯೂ ಇಬ್ರಾಹಿಂ ಎಂಬ ಭಾಗ ಉದುರಿಹೋಯಿತು.

ತುರ್ಕಿಯ ಆಟೊಮನ್ ರಾಜ್ಯಕ್ಕೆ ಬಂದರೆ ಇನ್ನೊಂದು ಬಗೆ. ಅಲ್ಲಿ ಈ ಹೆಸರು ತೊಟ್ಟಿಲಲ್ಲಿ ಇಟ್ಟದ್ದೇ ಆಗಿರಬೇಕಾಗಿರಲಿಲ್ಲ. ಪರ್ಗಾ ಊರಿನ ಕ್ರೈಸ್ತ ಮನೆಯ ಹುಡುಗನೊಬ್ಬ ಗುಲಾಮನಾಗಿ ಬಂದು, ಇಬ್ರಾಹಿಂ ಎಂಬ ಹೆಸರು ಪಡೆದು, ಸುಲ್ತಾನ ಸುಲೈಮಾನನ ಗೆಳೆಯನಾಗಿ 1523ರಲ್ಲಿ ಪ್ರಧಾನಮಂತ್ರಿಯೇ ಆದ. 1536ರಲ್ಲಿ ಅದೇ ಸುಲ್ತಾನ ಅವನನ್ನು ಕೊಲ್ಲಿಸಿದ. ಜನ ಅವನನ್ನು ಮೊದಲು ‘ಮಕ್ಬೂಲ್’, ಅಂದರೆ ಮೆಚ್ಚಿನವ, ಎನ್ನುತ್ತಿದ್ದರು. ಸತ್ತ ಮೇಲೆ ‘ಮಕ್ತೂಲ್’, ಅಂದರೆ ಕೊಲೆಯಾದವ, ಎಂದರು. ಒಂದೇ ಅಕ್ಷರದ ವ್ಯತ್ಯಾಸ!

ಅದೇ ರಾಜ್ಯದಲ್ಲಿ ಇಬ್ರಾಹಿಂ ಮುತೆಫೆರ್ರಿಕಾ ಎಂಬ ಹಂಗೇರಿ ಮೂಲದವನಿದ್ದ. ಅರಬ್ಬಿ ಲಿಪಿಯಲ್ಲಿ ತುರ್ಕಿ ಪುಸ್ತಕ ಅಚ್ಚು ಹಾಕಲು 1727ರಲ್ಲಿ ಅಪ್ಪಣೆ ಪಡೆದು ಇಸ್ತಾಂಬುಲಿನಲ್ಲಿ ಮುದ್ರಣಾಲಯ ತೆರೆದ. 1729ರಲ್ಲಿ ಹೊರಬಂದ ಮೊದಲ ಪುಸ್ತಕ ಒಂದು ಅರಬ್ಬಿ-ತುರ್ಕಿ ನಿಘಂಟು. ಆತನ ಮುದ್ರಣಾಲಯದಿಂದ ಒಟ್ಟು 17 ಗ್ರಂಥಗಳು ಬಂದವು. ನಮ್ಮಂತೆ ಪತ್ರಿಕೆ ಹೊರಡಿಸುವ ಹುಚ್ಚು ಇರುವವರು ನೆನಪಿಡಬೇಕಾದ ಇಬ್ರಾಹಿಂ ಈತನೇ.

ಪಾಣಿಪತದಲ್ಲಿ ಎರಡು ಸಲ

ಇನ್ನು ನಮ್ಮ ದೇಶಕ್ಕೆ ಬರೋಣ. ಶಾಲೆಯಲ್ಲಿ ಇಬ್ರಾಹಿಂ ಎಂದರೆ ಪಾಣಿಪತ ಎಂದೇ ಬಾಯಿಪಾಠ. ಯಾವ ಇಬ್ರಾಹಿಂ, ಯಾವ ಪಾಣಿಪತ? 1526ರ ಏಪ್ರಿಲ್ 21ರಂದು ದೆಹಲಿಯ ಸುಲ್ತಾನ ಇಬ್ರಾಹಿಂ ಲೋದಿ ಬಾಬರನ ಎದುರು ಹೋರಾಡಿ ಯುದ್ಧಭೂಮಿಯಲ್ಲೇ ಸತ್ತ. ಅಲ್ಲಿಗೆ ಲೋದಿ ವಂಶ ಮುಗಿದು ಮೊಘಲರ ಆಳ್ವಿಕೆ ಶುರುವಾಯಿತು. ಇದು ಎಲ್ಲರಿಗೂ ಗೊತ್ತು.

ಸುಮಾರು 235 ವರ್ಷದ ನಂತರ, 1761ರ ಜನವರಿ 14, ಅದೇ ಪಾಣಿಪತ. ಅಲ್ಲಿಯೂ ಒಬ್ಬ ಇಬ್ರಾಹಿಂ. ಇಬ್ರಾಹಿಂ ಖಾನ್ ಗಾರ್ದಿ. ಫ್ರೆಂಚ್ ಸೇನಾನಿ ಬುಸ್ಸಿಯ ಪದ್ಧತಿಯಲ್ಲಿ ಪಳಗಿ, ಮೊದಲು ಹೈದರಾಬಾದಿನ ನಿಜಾಮರ ಕಡೆ ಇದ್ದು, ಆಮೇಲೆ ಮರಾಠರ ಕಡೆ ಬಂದವ. ಅವನ ತೋಪುಗಳೂ ಕವಾಯತು ಕಲಿತ ಕಾಲಾಳುಗಳೂ ಸದಾಶಿವರಾವ್ ಭಾವೂನ ದೊಡ್ಡ ಬಲ. ಎದುರಿಗೆ ಅಹ್ಮದ್ ಶಾ ಅಬ್ದಾಲಿ ಮತ್ತು ಅವನ ಜೊತೆಗೂಡಿದ ರೋಹಿಲರು. ಗಾರ್ದಿಯ ಪಡೆ ರೋಹಿಲರ ಮೇಲೆ ಬಿದ್ದು ಅವರನ್ನು ತತ್ತರಿಸುವಂತೆ ಮಾಡಿತು. ಕೊನೆಗೆ ಮರಾಠರು ಸೋತರು. ಗಾರ್ದಿ ಗಾಯಗೊಂಡು ಸೆರೆಸಿಕ್ಕಿ, ಸೆರೆಯಲ್ಲೇ ಸತ್ತ. ಪೇಶ್ವೆಯವರ ಅನ್ನ ಉಂಡವ, ಆ ಅನ್ನದ ಕಡೆಗೇ ನಿಂತು ಸತ್ತ ಎಂದು ಇವತ್ತಿಗೂ ಪುಣೆಯಲ್ಲಿ ಅವನನ್ನು ನೆನೆಯುವವರಿದ್ದಾರೆ.

‘ಗಾರ್ದಿ’ ಎಂಬುದೂ ಜಾತಿಯ ಹೆಸರಲ್ಲ, ಕಸಬಿನ ಹೆಸರು. ಹೊಸ ಪದ್ಧತಿಯ ಸಿಪಾಯಿ ಎಂದು ಅರ್ಥ. 1773ರಲ್ಲಿ ಇದೇ ಪುಣೆಯ ಶನಿವಾರವಾಡೆಯಲ್ಲಿ ನಾರಾಯಣರಾವ್ ಪೇಶ್ವೆಯನ್ನು ಕೊಂದ ಗಾರ್ದಿಗಳ ಮುಖ್ಯಸ್ಥನ ಹೆಸರು ಸುಮೇರ್ ಸಿಂಗ್. ಈಗ ಹೇಳಿ, ‘ಗಾರ್ದಿಗಳು ಹೀಗೆ’ ಎಂದು ಒಟ್ಟಿಗೆ ಒಂದೇ ಮಾತು ಹೇಳಲು ಬರುತ್ತದೆಯೆ? ಒಬ್ಬ ಗಾರ್ದಿ ಒಡೆಯನಿಗಾಗಿ ಸತ್ತ, ಇನ್ನೊಬ್ಬ ಒಡೆಯನನ್ನೇ ಕೊಂದ.

ದಖ್ಖನಿನ ಮೂವರು

ಈಗ ನಾನು ಎಡವಿದ ಜಾಗಕ್ಕೆ ಬಂದೆ. 16ನೆಯ ಶತಮಾನದ ದಖ್ಖನಿನಲ್ಲಿ ನಮಗೆ ಬೇಕಾದ ಇಬ್ರಾಹಿಂಗಳು ಮೂವರು.

ಮೊದಲನೆಯವ ವಿಜಯಪುರದ ಒಂದನೆಯ ಇಬ್ರಾಹಿಂ ಆದಿಲ್ ಶಾ (1534-1558). ಹೊರದೇಶದಿಂದ ಬಂದ ಅಧಿಕಾರಿಗಳನ್ನು ಬಹುಮಟ್ಟಿಗೆ ತೆಗೆದು ಇಲ್ಲಿಯವರನ್ನು ಸೇರಿಸಿಕೊಂಡ. ಸರ್ಕಾರದ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ಬಿಡಿಸಿ ಇಲ್ಲಿನ ಭಾಷೆಯಲ್ಲಿ ಬರೆಸಿ, ಆ ಕೆಲಸವನ್ನು ಬ್ರಾಹ್ಮಣ ಲೆಕ್ಕಿಗರಿಗೆ ವಹಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಲೆಕ್ಕ ಜನರ ಭಾಷೆಯಲ್ಲಿರಬೇಕೆಂಬ ಮಾತು ಅಷ್ಟು ಹಳೆಯದು! ಕನ್ನಡದಲ್ಲಿ ಜಮಾ-ಖರ್ಚು ಕಲಿತು, ಇಲ್ಲಿ ಬಂದು ಇಂಗ್ಲಿಷಿನ ಡೆಬಿಟ್-ಕ್ರೆಡಿಟ್ಟಿಗೆ ಒದ್ದಾಡಿದ ನನಗೆ ಈ ಇಬ್ರಾಹಿಂ ಬಹಳ ಹತ್ತಿರದವ ಅನಿಸಿದ.

ಎರಡನೆಯವ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ (1550-1580). ಅಣ್ಣ ಜಂಷೀದನಿಗೆ ಹೆದರಿ ಓಡಿಬಂದಾಗ ಅವನಿಗೆ ಆಶ್ರಯ ಕೊಟ್ಟದ್ದು ವಿಜಯನಗರ. ಅಳಿಯ ರಾಮರಾಯನ ನೆರಳಲ್ಲಿ ಏಳು ವರ್ಷ ಇದ್ದ. ತೆಲುಗಿನ ರುಚಿ ಹತ್ತಿತು. ಸಿಂಹಾಸನ ಏರಿದ ಮೇಲೆ ತೆಲುಗು ಕವಿಗಳಿಗೆ ಪೋಷಕನಾದ. ಅದ್ದಂಕಿ ಗಂಗಾಧರ ಕವಿ ತನ್ನ ತಪತೀ ಸಂವರಣದ ಕಾವ್ಯವನ್ನು ಅವನಿಗೇ ಅಂಕಿತ ಮಾಡಿದ. ತೆಲುಗರು ಅವನನ್ನು ‘ಮಲ್ಕಿಭರಾಮ’ ಎಂದು ಕರೆದರು. ಮಲಿಕ್ ಇಬ್ರಾಹಿಂ ಎಂಬುದು ಅವರ ಬಾಯಲ್ಲಿ ಹೀಗೆ ರಾಮನನ್ನೂ ಒಳಗೆ ಸೇರಿಸಿಕೊಂಡಿತು. ಆದರೆ 1565ರ ಜನವರಿಯಲ್ಲಿ, ಅನ್ನ ಹಾಕಿದ ರಾಮರಾಯನ ವಿರುದ್ಧ ಕೂಡಿದ ಸುಲ್ತಾನರ ಜೊತೆ ಈತನೂ ನಿಂತ. ಅವನ ಖಾತೆಯಲ್ಲಿ ತೆಲುಗು ಕಾವ್ಯವೂ ಇದೆ, ಆ ಯುದ್ಧವೂ ಇದೆ. ಒಂದನ್ನು ಬರೆದು ಇನ್ನೊಂದನ್ನು ಅಳಿಸುವ ಹಾಗಿಲ್ಲ. ಆ ಯುದ್ಧದಲ್ಲಿ ವಿಜಯಪುರದ ಕಡೆಯಿಂದ ಇದ್ದವ ಇಬ್ರಾಹಿಂ ಅಲ್ಲ, ಒಂದನೆಯ ಇಬ್ರಾಹಿಂನ ಮಗ ಅಲಿ.

ಮೂರನೆಯವ ಎರಡನೆಯ ಇಬ್ರಾಹಿಂ ಆದಿಲ್ ಶಾ (1580-1627). ಒಂದನೆಯ ಇಬ್ರಾಹಿಂನ ಮೊಮ್ಮಗ. ನಮ್ಮ ಮನೆಗಳಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವಂತೆ ಇವನಿಗೂ ಬಂದದ್ದು ಅಜ್ಜನ ಹೆಸರು. ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ಅಲಿಯ ವಿಧವೆ ಚಾಂದ್ ಬೀಬಿ ರಾಜ್ಯ ನೋಡಿಕೊಂಡಳು. ಬೆಳೆದ ಮೇಲೆ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಗ್ರಂಥವನ್ನು ದಖನಿ ಭಾಷೆಯಲ್ಲಿ ಕಟ್ಟಿದ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿ ಇದ್ದಾನೆ, ಕಲಬುರಗಿಯ ಬಂದೇನವಾಜರೂ ಇದ್ದಾರೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಜನ ಅವನನ್ನು ಜಗದ್ಗುರು ಎಂದರು. 1599ರಲ್ಲಿ ನವರಸಪುರ ಎಂಬ ಹೊಸ ಊರನ್ನೇ ಕಟ್ಟಲು ಶುರುಮಾಡಿದ; 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರ್ ಅದನ್ನು ಕೊಳ್ಳೆಹೊಡೆದ. ಫಿರಿಶ್ತಾ ತನ್ನ ಇತಿಹಾಸ ಬರೆದದ್ದೂ ಇವನ ಆಶ್ರಯದಲ್ಲೇ. ನಮ್ಮೂರ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದಲ್ಲಿ, ರಾಣಿ ತಾಜ್ ಸುಲ್ತಾನಾಳ ಜೊತೆ ಮಲಗಿರುವವ ಈತನೇ. ಚಿಕ್ಕಂದಿನಲ್ಲಿ ಅಲ್ಲಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಉಂಡವನು ನಾನು. ಉಂಡದ್ದು ಯಾರ ಮನೆಯ ಅಂಗಳದಲ್ಲಿ ಎಂದು ಇಪ್ಪತ್ತು ವರ್ಷದವರೆಗೆ ಕೇಳಲೇ ಇಲ್ಲ.

ಈ ಹಾಡುಗಾರನ ಮೇಲೆ ನಾನು ಹದಿನೈದು ವರ್ಷ ಮುಂಚಿನ ಯುದ್ಧದ ಸಾಲ ಬರೆದೆ. ಸಭೆಯಲ್ಲಿದ್ದವರಿಗೆ ವಾಕ್ಯ ಸರಿಯಾಗಿಯೇ ಕೇಳಿಸಿತು. ಟ್ರಯಲ್ ಬ್ಯಾಲೆನ್ಸ್ ಕೂಡಿತು ಎಂದೆನಲ್ಲ, ಹಾಗೆ.

ನಮ್ಮ ಕಾಲದ ಒಬ್ಬರು

ಹಳೆಯ ಕಾಲದವರೇ ಏಕೆ? ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರನ್ನು ನಮ್ಮ ಕಡೆಯವರು ಅನೇಕರು ಕಣ್ಣಾರೆ ಕಂಡಿದ್ದಾರೆ. ವಚನ, ತತ್ವಪದಗಳನ್ನು ಹಾಡುತ್ತ, ನಡುನಡುವೆ ಪ್ರಶ್ನೋತ್ತರ ಮಾಡುತ್ತ, ಊರೂರು ತಿರುಗಿ ಭಾವೈಕ್ಯದ ಮಾತು ಹೇಳಿದವರು. ಜನ ಅವರನ್ನು ಕನ್ನಡದ ಕಬೀರ ಎಂದರು. 2018ರಲ್ಲಿ ಪದ್ಮಶ್ರೀ ಬಂತು. 2022ರ ಫೆಬ್ರುವರಿಯಲ್ಲಿ ತೀರಿಕೊಂಡರು. ಸುತಾರ ಎಂಬುದು ಬಡಗಿ ಕಸಬಿನ ಹೆಸರು. ತೊಲೆದೊದ ಇಬ್ರಾಹಿಂನ ಹೆಸರಿನ ಜೊತೆ ‘ನಕ್ಕಾಶ್’ ಎಂಬ ಕೆತ್ತನೆಯ ಕಸಬು ಅಂಟಿಕೊಂಡಂತೆ ಇವರ ಹೆಸರಿನ ಜೊತೆ ಬಡಗಿತನ. ಅರಬ್ಬಿ ಇಸ್ಮ್, ಕನ್ನಡದ ಕಸಬು, ಬಾಯಲ್ಲಿ ಶರಣರ ವಚನ. ‘ಎಲ್ಲಾ ಒಂದ’ ಎಂದವರು ಈ ಹೆಸರನ್ನು ಯಾವ ಇಬ್ರಾಹಿಂನ ಜೊತೆ ಸೇರಿಸುತ್ತಾರೆ?

ಲೆಕ್ಕ ಮುಗಿಸುವ ಮುನ್ನ

ಇಷ್ಟು ಬರೆದ ಮೇಲೆ ನನಗೆ ತಿಳಿದದ್ದು ಇಷ್ಟು. ಹೆಸರು ಹೇಳುವುದು ಅಪ್ಪ ಅವ್ವ ಅಥವಾ ಹೆಸರಿಟ್ಟವರು ಏನು ಬಯಸಿದರು ಎಂಬುದನ್ನು. ಹೊತ್ತವನು ಏನು ಮಾಡಿದ ಎಂಬುದನ್ನು ಅದು ಹೇಳುವುದಿಲ್ಲ. ದೇವರ ಗೆಳೆಯನ ಹೆಸರನ್ನು ಹೊತ್ತವರಲ್ಲಿ ತೋಟ ಕಾದವನಿದ್ದಾನೆ, ತೋಪು ಹಾರಿಸಿದವನಿದ್ದಾನೆ, ಉಪಕಾರ ಮರೆತವನಿದ್ದಾನೆ, ಋಣ ತೀರಿಸಿದವನಿದ್ದಾನೆ, ತಂಬೂರಿ ನುಡಿಸಿದವನಿದ್ದಾನೆ. ಬಸವ ಎಂಬ ಹೆಸರಿನವರೆಲ್ಲ ಬಸವಣ್ಣ ಆಗಿಲ್ಲವಲ್ಲ!

ಆದ್ದರಿಂದ ಇತಿಹಾಸ ಓದುವಾಗ ಒಂದು ಹೆಸರು ಬಂದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ ಎಂದು ನನ್ನ ವಿನಂತಿ. ಯಾರ ಮಗ? ಯಾವ ಊರು? ಯಾವ ಕಸಬು? ಯಾವ ಇಸವಿ? ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಆ ಹೆಸರಿನ ಖಾತೆಗೆ ಜಮೆಯನ್ನೂ ಹಾಕಬೇಡಿ, ಬಾಕಿಯನ್ನೂ ಬರೆಯಬೇಡಿ. ಪರೀಕ್ಷೆಯಲ್ಲಿ ಇದರಿಂದ ಅಂಕ ಬರುತ್ತದೆ. ಪರೀಕ್ಷೆಯ ಹೊರಗೆ ಇನ್ನೂ ಹೆಚ್ಚು ಉಪಯೋಗವಿದೆ, ಏಕೆಂದರೆ ಸತ್ತ ಸುಲ್ತಾನರು ತಮ್ಮ ಮೇಲೆ ಬರೆದ ತಪ್ಪು ಸಾಲಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಪಕ್ಕದಲ್ಲಿ ಕೂತ ಗೆಳೆಯ ಮಾಡಿಕೊಳ್ಳುತ್ತಾನೆ.

ಕೊನೆಯ ಮಾತು. ಲೇಖನ ಕೊಡುವ ಹಿಂದಿನ ದಿನ ಆ ಮೊದಲ ವರ್ಷದ ಹುಡುಗನ ಕೋಣೆಗೆ ಹೋಗಿ, “ಅವತ್ತು ನಾನೂ ನಕ್ಕೆ, ತಪ್ಪಾತು” ಎಂದೆ. ಅವನು “ಇರಲಿ ಬಿಡ್ರಿ ಅಣ್ಣಾ” ಎಂದಷ್ಟೇ ಹೇಳಿ ಕೂರಲು ಚಾಪೆ ಹಾಸಿದ. “ನಿಮ್ಮ ಅಜ್ಜಾರು ಏನ್ ಮಾಡತಿದ್ದರು?” ಎಂದು ಕೇಳಿದೆ. ಅವನ ಅಜ್ಜ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರಂತೆ. ಶಾಲೆಗೆ ಹೋದದ್ದು ಎರಡೇ ವರ್ಷ. ಆದರೆ ನೂಲಿನ ಲೆಕ್ಕವನ್ನೆಲ್ಲ ಒಂದು ಉದ್ದನೆಯ ವಹಿಯಲ್ಲಿ ತಾವೇ ಕನ್ನಡದಲ್ಲಿ ಬರೆದಿಡುತ್ತಿದ್ದರಂತೆ. ಆ ವಹಿ ಇನ್ನೂ ಮನೆಯಲ್ಲಿದೆಯ ಎಂದೆ. ಅದೆ ಎಂದ. ದೀಪಾವಳಿ ರಜೆಗೆ ಊರಿಗೆ ಹೋದಾಗ ತರುತ್ತಾನೆ. ನಮ್ಮ ಸಂಘದಲ್ಲಿ ಎಲ್ಲರೂ ನೋಡಬಹುದು. ಹಿಂದಿನ ಬೆಂಚಿನ ಗೆಳೆಯನೂ ಬರಬೇಕೆಂದು ಕೋರುತ್ತೇನೆ.

ಇಲ್ಲಿ ಬರೆದದ್ದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಬೇಕು. ಈ ಸಲ ನಗದೆ ಕೇಳುತ್ತೇನೆ.